ಎರಡಿಂಚು ಕಮ್ಮಿ

ಏಳನೆಯ ರವಿಕೆಗೆ ಮೂರನೆಯ ಹುಕ್ಕು ಹೊಲಿದು ದಾರವನ್ನು ಹಲ್ಲಿನಲ್ಲಿ ಕಡಿಯುವಷ್ಟರಲ್ಲಿ ಬಾಲಮ್ಮನ ಮಡಿಲಲ್ಲಿದ್ದ ಫೋನು ಗುರ್ರೆಂದಿತು. ರವಿಕೆಯನ್ನು ಹಾಗೇ ಮೊಣಕಾಲಿನ ಮೇಲೆ ಹರವಿಕೊಂಡು, ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು, ಫೋನು ಕಿವಿಗಿಟ್ಟಳು. ಮಡಕಶಿರದಿಂದ ಸುಶ್ಮಿತಾ, ಅಕ್ಕ ನಾಗಕ್ಕನ ಮೊಮ್ಮಗಳು.

“ಚಿಕ್ಕಜ್ಜಿ, ಊಟ ಆಯ್ತಾ?”

“ಆತವ್ವ. ನಿಮ್ಮಜ್ಜಿ ಹೆಂಗದಾಳ?”

“ಅವಳಿಗೇನು, ಎಲ್ಲರನ್ನೂ ಬೈಕೊಂಡು ಚೆನ್ನಾಗವ್ಳೆ. ಹುಳ ಹಣ್ಣಾಗವೆ, ಬೆಳಗ್ಗಿಂದ ಆಯ್ತಾ ಕೂತವ್ಳೆ.” ಹುಡುಗಿ ದನಿ ಇಳಿಸಿದಳು. “ಒಂದ್ ವಿಷ್ಯ ಚಿಕ್ಕಜ್ಜಿ. ಅಜ್ಜಿ ಆಯ್ದಿಟ್ಟ ತಟ್ಟೇಲಿ ಎಡಗಡೆ ಅಂಚಲ್ಲಿ ಹಣ್ಣು ಹುಳ ಹಂಗೇ ಉಳ್ಕೊಂಡವೆ. ಒಂದಲ್ಲ, ನಾಲ್ಕು ತಟ್ಟೇಲೂ ಹಂಗೇ. ತೋರಿಸಿದ್ರೆ, ‘ನಿಮ್ಮಪ್ಪ ಹುಟ್ಟೋಕೆ ಮುಂಚೆಯಿಂದ ಆಯ್ತಿದೀನಿ ಕಣೇ’ ಅಂತ ಜಗಳಕ್ಕೇ ಬಂದ್ಲು.”

ಬಾಲಮ್ಮ ಬಲಗಣ್ಣನ್ನೊಮ್ಮೆ ಮುಚ್ಚಿ ತೆರೆದಳು. ಹುಡುಗಿ ಎರಡು ಸಲ “ಕೇಳಿಸ್ತೈತಾ?” ಅಂದ ಮೇಲೆ “ಕೇಳಿಸ್ತವ್ವ, ನಾ ಕಾಗದ ಬರಿತೀನಿ ಅಂತ ಹೇಳು” ಅಂದು ಫೋನು ಇಟ್ಟಳು.

ರೇಷ್ಮೆಹುಳು ಸಾಕುವವರಿಗೆ ಈ ಮಾತಿನ ತೂಕ ಗೊತ್ತು. ಹುಳು ಹಣ್ಣಾದಾಗ ಅದರ ಮೈ ಬಿಳುಪು ಬಿಟ್ಟು ತಿಳಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಂಥದ್ದನ್ನು ಮಾತ್ರ ಆಯ್ದು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಅದು ಸೊಪ್ಪಿನ ನಡುವೆಯೇ ಗೂಡು ಕಟ್ಟಿ ಕೆಡುತ್ತದೆ. ಆಯುವುದರಲ್ಲಿ ನಾಗಕ್ಕನನ್ನು ಮೀರಿಸಿದವರಿಲ್ಲ. ಅರವತ್ತೆಂಟರಲ್ಲೂ ಅಕ್ಕಪಕ್ಕದ ಹುಳುಮನೆಯವರು, “ನಾಗಕ್ಕ, ಒಂದು ಸಲ ಬಂದು ನೋಡಿ ಹೋಗು, ಇವತ್ತೋ ನಾಳೆಯೋ ಹೇಳು” ಅಂತ ಕರೆಯಲು ಬರುತ್ತಿದ್ದರು. ಅವಳ ಕಣ್ಣೇ ಅವಳ ಮರ್ಯಾದೆ. ಹಿಂದೊಮ್ಮೆ ಬೀಗಿತ್ತಿಯೊಬ್ಬಳು “ಕನ್ನಡಕ ಹಾಕ್ಕೊಳ್ಳಬಾರದಾ” ಅಂದಿದ್ದಕ್ಕೆ ಮೂರು ವರ್ಷ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಆ ತಟ್ಟೆಯ ಎಡ ಅಂಚು ಎಲ್ಲಿ ಹೋಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಯದುರ್ಗದಲ್ಲಿ ಕೂತ ಬಾಲಮ್ಮನಿಗೆ ಗೊತ್ತಿತ್ತು, ಯಾಕೆಂದರೆ ಅವಳ ಬಲಗಣ್ಣಿನಿಂದಲೂ ಅಂಥದ್ದೇ ಒಂದು ಅಂಚು ಹೋಗಿತ್ತು. ಮೊದಲು ಬಾಗಿಲ ಪಕ್ಕದ ಬಕೆಟ್ಟನ್ನು ಎಡವಿದಳು. ಆಮೇಲೆ ಅಂಗಡಿಗೆ ಬಂದು ಪಕ್ಕದಲ್ಲೇ ನಿಂತವರನ್ನು ನೋಡದೆ ಒಳಗೆ ಹೋಗಿ ಸೊಕ್ಕಿನವಳೆಂದು ಹೆಸರು ಕೆಡಿಸಿಕೊಂಡಳು. ಬಳ್ಳಾರಿಯ ಕಣ್ಣಾಸ್ಪತ್ರೆಗೆ ಹೋದಾಗ ಡಾಕ್ಟರು ಮೀನಾಕ್ಷಿ, ಇದು ಗ್ಲಾಕೋಮಾ, ಕಣ್ಣೊಳಗಿನ ನೀರಿನ ಒತ್ತಡ ಏರಿ ನರ ಸವೆಯುತ್ತಿದೆ ಅಂದರು.

“ನೋವು ಇರಂಗಿಲ್ಲಮ್ಮ. ಅದಕ್ಕ ಯಾರಿಗೂ ಗೊತ್ತಾಗಂಗಿಲ್ಲ. ಹೋದ ನೋಟ ಮತ್ತ ಬರಂಗಿಲ್ಲ, ಇರೋದನ್ನ ಉಳಿಸಿಕೋಬಹುದು. ಒಡಹುಟ್ಟಿದವರು ಅದಾರೇನು ನಿಮಗ?”

“ಒಬ್ಬಾಕಿ ಅಕ್ಕ ಅದಾಳ್ರಿ.”

“ಲಗೂನ ತೋರಸಾಕ ಹೇಳ್ರಿ. ಇದು ಒಂದೇ ರಕ್ತದವರಿಗೆ ಬರೋದು ಜಾಸ್ತಿ.”

ಜೊತೆಗಿದ್ದ ಗಂಡ ನರಸಪ್ಪ ಲೇಡೀಸ್ ಟೈಲರು, ನಲವತ್ತು ವರ್ಷದಿಂದ ರವಿಕೆ ಹೊಲಿದವನು. ಬಸ್ಸಿನಲ್ಲಿ ಬರುವಾಗ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ಹೇಳಿದ. “ಬಗಲು ಬಿಗಿ ಹೊಲಿದ ರವಿಕಿ ಇದ್ದಂಗ ಬಾಲಮ್ಮ. ನಡುವ ಏನೂ ಆಗಂಗಿಲ್ಲ. ಅಂಚಿನಾಗ ನೂಲು ಒಂದೊಂದ ಜಗ್ಗಿಹೋಗಿರತೈತಿ. ತೊಟ್ಟಾಕಿಗೆ ಕೈ ಎತ್ತಿದಾಗಲೇ ಗೊತ್ತು.”

ಅದು ನಾಲ್ಕು ತಿಂಗಳ ಹಿಂದಿನ ಮಾತು. ರಾತ್ರಿ ಮಲಗುವ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ. ಇಪ್ಪತ್ತೊಂಬತ್ತಿದ್ದ ಒತ್ತಡ, ಮುಂದಿನ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಹದಿನಾರು. ಎಲ್ಲರೂ ಸಂತೋಷಪಟ್ಟರು. ಆದರೆ ನೋಟದ ಸುತ್ತಳತೆ ಪರೀಕ್ಷೆ ಮಾಡಿದರೆ ಇನ್ನೂ ಒಂದು ಚೂರು ಹೋಗಿತ್ತು. ಡಾಕ್ಟರು ಸ್ವಲ್ಪ ಹೊತ್ತು ಪೆನ್ನು ಆಡಿಸುತ್ತಾ ಕೂತು, “ನೀವು ಇಲ್ಲಿಗೆ ಬಂದು ಮುಟ್ಟೋದು ಹನ್ನೆರಡಕ್ಕ. ಬೆಳಿಗ್ಗೆ ಏಳೋ ಹೊತ್ತಿನಾಗ ಎಷ್ಟಿರತೈತೋ ನಾ ಇಲ್ಲಿಂದ ನೋಡಾಕ ಆಗಂಗಿಲ್ಲ. ಮನ್ಯಾಗ ನೋಡ್ರಿ” ಅಂದು ಒಂದು ಸಣ್ಣ ಯಂತ್ರವನ್ನು ಒಂದು ತಿಂಗಳ ಮಟ್ಟಿಗೆ ಕೊಟ್ಟರು. ಬೆಳಗಿನ ಅಂಕಿ ಹದಿನೈದರ ಆಸುಪಾಸಿಗೆ ಬರಬೇಕು. ಬರದಿದ್ದರೆ ಔಷಧಿ ಬದಲಾಯಿಸಬೇಕು.

ಅಂಗೈ ತುಂಬುವಷ್ಟು ಯಂತ್ರ. ಅದರ ಒಂದು ಕಾಲು ಹಣೆಗೆ, ಒಂದು ಕಾಲು ಕೆನ್ನೆಗೆ. ನಡುವಿನಿಂದ ಗುಂಡುಸೂಜಿಗಿಂತ ತೆಳ್ಳಗಿನ ಕಡ್ಡಿಯೊಂದು ಆರು ಸಲ ಬಂದು ಕಣ್ಣುಗುಡ್ಡೆಯನ್ನು ಮುಟ್ಟಿ ಹೋಗುತ್ತದೆ. ರೆಪ್ಪೆಯ ಕೂದಲು ತಾಗಿದ ಹಾಗೆ, ಅಷ್ಟೇ. ಹಿಂಬದಿಯ ಪುಟ್ಟ ಗಾಜಿನಲ್ಲಿ ಅಂಕಿ ಮೂಡುತ್ತದೆ. ಬಾಲಮ್ಮ ಮೂರು ದಿನ ತಾನೇ ಪ್ರಯತ್ನಿಸಿದಳು. ಹೆಬ್ಬೆರಳಿನ ಗಂಟು ನೋವಿಗೆ ಯಂತ್ರ ಓರೆಯಾಗಿ, ಅದು ಕೀಂ ಕೀಂ ಅಂತ ತಕರಾರು ಮಾಡುತ್ತಿತ್ತು. ನಾಲ್ಕನೆಯ ದಿನ ನರಸಪ್ಪ ತಗೊಂಡ. ಮೊದಲ ಸಲಕ್ಕೇ ಸರಿಯಾಯಿತು. ಮೈಗೆ ಬೆರಳು ತಾಗದ ಹಾಗೆ ಟೇಪು ಸುತ್ತಿ ಅಳತೆ ತೆಗೆದವನ ಕೈ ಅದು. ಕಡ್ಡಿ ಬಂದು ಹೋಗಿದ್ದೂ ಬಾಲಮ್ಮನಿಗೆ ಗೊತ್ತಾಗಲಿಲ್ಲ. ದಿನಕ್ಕೆರಡು ಸಲ ಅಳೆದು, ಬೆಳಗಿನ ಅಂಕಿಯನ್ನು ಅವನು ಎದುರು ನಿಂತು ಕೂಗುವುದು, ಅವಳು ಗೋಡೆಯ ಕ್ಯಾಲೆಂಡರಿನ ಮನೆಯೊಳಗೆ ಅದನ್ನು ಬರೆಯುವುದು. ನಲವತ್ತಾರನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಕಲಿತ ದುಂಡನೆಯ ಅಂಕಿಗಳು.

ಕೂಗುವುದೆಂದರೆ ನರಸಪ್ಪನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಅಂಗಡಿಯಲ್ಲಿ ಯಾವಾಗಲೂ ನಾಲ್ಕು ಜನ ಹೆಂಗಸರು ಕೂತಿರುತ್ತಾರೆ. ಅವರೆದುರು ಒಬ್ಬಳ ಸೊಂಟದ ಸುತ್ತಳತೆ, ತೋಳಿನ ಸುತ್ತಳತೆ ಕೂಗಿ ಹೇಳುವುದು ಹೇಗೆ? ಟೇಪು ಮೂವತ್ತೆಂಟು ಅಂದರೆ ನರಸಪ್ಪ “ಮೂವತ್ತಾರು” ಅಂತ ಕೂಗುತ್ತಿದ್ದ. ಕಟಿಂಗ್ ಟೇಬಲ್ಲಿನ ಹನುಮಂತರಾಯ ಅದನ್ನು ಮೂವತ್ತೆಂಟು ಅಂತಲೇ ಬರೆದುಕೊಳ್ಳುತ್ತಿದ್ದ. ಇಪ್ಪತ್ತು ವರ್ಷದಿಂದ ಅವರಿಬ್ಬರ ನಡುವೆ ನಡೆದುಬಂದ ಲೆಕ್ಕ. ಡಿ. ಹಿರೇಹಾಳ್ ಕಡೆಯಿಂದ ಒಮ್ಮೆ ಕಡ್ಡಿಯಂಥ ಮದುಮಗಳು ಬಂದಾಗ, ಬೀಗರ ಕಡೆಯವರು ಬಾಯಿಗೆ ಸೆರಗು ಮುಚ್ಚಿಕೊಂಡು ನೋಡುತ್ತಿದ್ದರೆ, ಅವಳ ತೋಳಿಗೆ ಎರಡಿಂಚು ಜಾಸ್ತಿ ಕೂಗಿದ್ದ. ಹನುಮಂತರಾಯ ಅದನ್ನೂ ಅರ್ಥ ಮಾಡಿಕೊಂಡಿದ್ದ. ರವಿಕೆ ಅಚ್ಚುಕಟ್ಟಾಗಿ ಕೂತಿತ್ತು. ಆ ಅಂಗಡಿಯಿಂದ ಯಾವ ಹೆಂಗಸೂ ತಲೆ ತಗ್ಗಿಸಿಕೊಂಡು ಹೋದದ್ದಿಲ್ಲ. ಊರಿನಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳು ಸಾವಿರ ಬಂದರೂ ನರಸಪ್ಪನ ಬೆಂಚು ಖಾಲಿಯಾಗಿರಲಿಲ್ಲ. ಬಾಲಮ್ಮ ಇದನ್ನು ಬಾಯಿಬಿಟ್ಟು ಹೊಗಳಿದವಳಲ್ಲ. ಆದರೆ ಹುಕ್ಕು ಹೊಲಿಯುತ್ತಾ ಒಳಕೋಣೆಯಿಂದ ಅವನ ಕೂಗು ಕೇಳಿದಾಗಲೆಲ್ಲ, ಎರಡಿಂಚು ಕಮ್ಮಿಯಾಯಿತು ಎಂದು ಗೊತ್ತಾಗಿ, ಇಂಥವನಿಗೆ ಕೊಟ್ಟು ಅಪ್ಪ ಒಳ್ಳೆಯದು ಮಾಡಿದ ಅಂದುಕೊಳ್ಳುತ್ತಿದ್ದಳು.

ಫೋನು ಇಟ್ಟ ಬಾಲಮ್ಮ ಗುಂಡಿಗಳ ಡಬ್ಬಿಯ ತಳದಿಂದ ಅಕ್ಕನಿಗೆಂದು ಬರೆದಿಟ್ಟಿದ್ದ ಕಾಗದವನ್ನು ತೆಗೆದಳು. ಅಕ್ಕನಿಗೆ ಕಿವಿ ಹೋಗಿ ಆರು ವರ್ಷ. ಫೋನು ಕೊಟ್ಟರೆ ತನ್ನದಷ್ಟು ಹೇಳಿ ಮುಗಿಸಿಬಿಡುತ್ತಾಳೆ. ಇನ್ನೊಬ್ಬರ ಬಾಯಲ್ಲಿ ಹೇಳಿಸಿದರೆ ಮನೆಗೆಲ್ಲ ಗೊತ್ತಾಯಿತೆಂದು ಮುನಿಯುತ್ತಾಳೆ. ಓದುವುದಕ್ಕೆ ಮಾತ್ರ ಬರುತ್ತದೆ, ಐದನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು. ಬಾಲಮ್ಮ ಆಗ ಮನೆಯಲ್ಲಿ ಸೊಪ್ಪು ಕತ್ತರಿಸಿಕೊಂಡಿದ್ದಳು. ಮದುವೆಯಾಗಿ ಬಂದ ಮೇಲೆ ಅಕ್ಕನ ಕಾಗದಗಳನ್ನು ನರಸಪ್ಪನಿಂದ ಓದಿಸಿಕೊಳ್ಳುತ್ತಿದ್ದಳು. ತನ್ನ ಕೈಯಾರೆ ಅಕ್ಕನಿಗೆ ಬರೆಯುತ್ತಿರುವುದು ಇದೇ ಮೊದಲು.

ಬರೆದು ನಾಲ್ಕು ತಿಂಗಳಾಗಿತ್ತು. ಕಳಿಸಿರಲಿಲ್ಲ. ಕಾಗದದ ನಡುವೆ ಒಂದು ಕಡೆ ಜಾಗ ಬಿಟ್ಟಿದ್ದಳು: “ಔಷಧಿ ಹಾಕಿ ನನ್ನ ಕಣ್ಣಿನ ಒತ್ತಡ ಈಗ            ಕ್ಕೆ ಇಳಿದಿದೆ. ಹೆದರುವಂಥದ್ದೇನಿಲ್ಲ. ಬಿಡುವಾದಾಗ ನೀನೂ ಒಮ್ಮೆ ತೋರಿಸಿಕೊ.” ಒಳ್ಳೆಯ ಅಂಕಿಯೊಂದು ಬಂದು ಆ ಜಾಗ ತುಂಬಿದರೆ, ಅಕ್ಕನಿಗೆ ಅವಮಾನವೂ ಆಗುವುದಿಲ್ಲ, ಗಾಬರಿಯೂ ಆಗುವುದಿಲ್ಲ ಅಂತ ಅವಳ ಲೆಕ್ಕ. ಆಸ್ಪತ್ರೆಯ ಹದಿನಾರು ಮಧ್ಯಾಹ್ನದ್ದು, ಬೆಳಗಿನದು ಗೊತ್ತಾಗದೆ ಅದನ್ನು ಬರೆಯಲು ಮನಸ್ಸು ಬಂದಿರಲಿಲ್ಲ. ನರಸಪ್ಪನ ಕೂಗಿನಲ್ಲಿ ಬೆಳಗಿನ ಅಂಕಿ ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು ಅಂತ ಮೆಟ್ಟಿಲಿಳಿದ ಹಾಗೆ ಇಳಿದು ಬಂದು, ಇವತ್ತು ಹದಿನೇಳಕ್ಕೆ ನಿಂತಿತ್ತು. ನಾಳೆ ಹದಿನಾರು ಬಂದರೂ ಸಾಕು, ಬರೆದು ಕಳಿಸಿಬಿಡುತ್ತೇನೆ, ಇನ್ನು ಕಾಯುವುದು ಬೇಡ ಅಂದುಕೊಂಡಳು. ತಟ್ಟೆಯ ಅಂಚು ಕಣ್ಣಿಗೆ ಕಟ್ಟಿದಂತಿತ್ತು.

ಮರುದಿನ ಗುಮ್ಮಘಟ್ಟದ ಕುರಿಯವರ ಮನೆಯಲ್ಲಿ ಮದುವೆಯ ಅಳತೆ. ನರಸಪ್ಪ ಮೊದಲ ಶೇರ್ ಆಟೋಕ್ಕೇ ಹೋಗಬೇಕಿತ್ತು. ಅಂಗಡಿ ತೆರೆಯಲು ಬೇಗ ಬಂದ ಹನುಮಂತರಾಯನ ಕೈಗೆ ಯಂತ್ರ ಕೊಟ್ಟು ಎರಡು ಸಲ ಹೇಳಿಕೊಟ್ಟ.

“ಕೈ ನಡುಗಬಾರದು. ಸಿಲ್ಕಿನ ಮ್ಯಾಲ ಕತ್ರಿ ಇಟ್ಟಂಗ ಇಡು.”

“ಹೋಗ್ರಿ ಮಾಸ್ಟ್ರ, ಆಟೋ ತಪ್ಪತೈತಿ.”

ಹನುಮಂತರಾಯನಿಗೆ ನಲವತ್ತೈದು, ಮೂರು ಮಕ್ಕಳ ತಂದೆ. ಆದರೂ ತಾನು ಅಕ್ಕ ಅನ್ನುವ ಬಾಲಮ್ಮನ ಕಣ್ಣು ಮುಟ್ಟುವುದೆಂದರೆ ಅವನಿಗೆ ಬೆವರು. ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಟಿಕ್ ಟಿಕ್ ಅಂತ ಆರು ಸಲ ಆಯಿತು.

“ಇಪ್ಪತ್ತು,” ಅಂದ.

ಕ್ಯಾಲೆಂಡರಿನ ಮುಂದೆ ನಿಂತಿದ್ದ ಬಾಲಮ್ಮನ ಪೆನ್ಸಿಲು ಅಲ್ಲೇ ನಿಂತಿತು. “ನಿನ್ನಿ ಹದಿನೇಳಿತ್ತಲ್ಲೋ. ಓರೆ ಹಿಡಿದಿ ಏನು? ತಾ ಇಲ್ಲಿ.”

“ಬ್ಯಾಡಕ್ಕಾ, ಸರಿ ಐತಿ...”

ಅಷ್ಟರಲ್ಲಿ ಅವಳು ಯಂತ್ರವನ್ನು ಕಸಿದುಕೊಂಡು ಎಡಗಣ್ಣಿಗೆ ಹತ್ತಿರ ಹಿಡಿದಿದ್ದಳು. ಗಾಜಿನಲ್ಲಿ ಇಪ್ಪತ್ತೆರಡು ಇತ್ತು.

“ಇಪ್ಪತ್ತೆರಡು ಐತಲ್ಲೋ ಇದು.”

ಹನುಮಂತರಾಯ ನಾಲಿಗೆ ಕಚ್ಚಿಕೊಂಡ. “ಬಾಯಿ ಚಟ ಅಕ್ಕಾ. ಎದುರಿಗೆ ಹೆಣ್ಮಕ್ಕಳು ನಿಂತ್ರ ತಾನಾಗೇ ಎರಡು ಕಮ್ಮಿ ಬರತೈತಿ.”

ಬಾಲಮ್ಮ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಕ್ಯಾಲೆಂಡರನ್ನು ನೋಡಿದಳು. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು, ಹದಿನೇಳು.

“ಹನುಮಂತು, ನಿಮ್ಮ ಮಾಸ್ಟ್ರ ಅಳತಿ ಬುಕ್ಕು ಕೊಡು.”

“ಯಾಕಕ್ಕಾ?”

“ಕೊಡು ಅಂದ್ರ ಕೊಡು.”

ಗಿರಾಕಿಗಳ ಹೆಸರು, ಸುತ್ತಳತೆ, ಉದ್ದ, ಕುತ್ತಿಗೆ ಎಲ್ಲ ದಾಟಿ ಕೊನೆಯ ಹಾಳೆಗಳಿಗೆ ಬಂದಳು. ಮೇಲೆ “ಬಾ.” ಅಂತ ಒಂದೇ ಅಕ್ಷರ. ಕೆಳಗೆ ತಾರೀಕು ಹಾಕಿ, ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು, ಬಲಗಣ್ಣು ಬೇರೆ, ಎಡಗಣ್ಣು ಬೇರೆ. ಒಂದು ದಿನವೂ ತಪ್ಪಿರಲಿಲ್ಲ. ಬೆಳಗಿನದು ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೊಂದು, ಇಪ್ಪತ್ತೆರಡು. ಸಂಜೆಯದು ಹದಿನಾರು, ಹದಿನೇಳು. ಪಕ್ಕದಲ್ಲಿ ಚಿಕ್ಕ ಅಕ್ಷರ: “ನಿದ್ದಿ ಸರಿ ಆಗಿಲ್ಲ.” “ಹನಿ ಕೆನ್ನಿಗೆ ಜಾರಿತ್ತು, ಇನ್ನೊಂದು ಹಾಕಿದೆ.” “ಇವತ್ತು ಸೂಜಿಗೆ ದಾರ ಒಂದೇ ಸಲಕ್ಕ ಪೋಣಿಸಿದಳು.”

ಆ ಕೊನೆಯ ಸಾಲನ್ನು ಬಾಲಮ್ಮ ಎರಡು ಸಲ ಓದಿದಳು. ಅವನು ನೋಡುತ್ತಿದ್ದ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಆ ಸಾಲು ಓದಿದ ಮೇಲೆ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ.

ನರಸಪ್ಪ ಮಧ್ಯಾಹ್ನ ಬಂದ, ಮೈಯೆಲ್ಲ ಧೂಳು, ಕೈಯಲ್ಲಿ ಕುರಿಯವರು ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯ ಗಂಟು. ಬಾಲಮ್ಮ ನೀರು ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದಳು.

“ಇವತ್ತಿನ ಅಳತಿ ಕೇಳಂಗಿಲ್ಲೇನ್ರಿ?”

“ಎಷ್ಟಿತ್ತು?”

“ನೀವ ಹೇಳ್ರಿ ನೋಡೋಣ.”

ನರಸಪ್ಪ ಹನುಮಂತರಾಯನ ಕಡೆ ನೋಡಿದ. ಹನುಮಂತರಾಯ ಸೀಮೆಸುಣ್ಣ ಬಿತ್ತೆಂದು ಟೇಬಲ್ಲಿನ ಕೆಳಗೆ ಬಗ್ಗಿದ, ಮೇಲೇಳಲೇ ಇಲ್ಲ.

“ಹದಿನಾರಿರಬೇಕು,” ಅಂದ ನರಸಪ್ಪ.

“ಇಪ್ಪತ್ತೆರಡು. ಬುಕ್ಕೂ ನೋಡೀನಿ.”

ಅವನು ಮೆಲ್ಲಗೆ ಬೆಂಚಿನ ಮೇಲೆ ಕೂತ. ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತತೊಡಗಿದ. “ಮೊದಲನೇ ದಿನ ಎರಡ ಕಮ್ಮಿ ಹೇಳಿದ್ದೆ ಬಾಲಮ್ಮ. ನೀ ಮರುದಿನ ಆಸೆ ಇಟ್ಟುಕೊಂಡು ನನ್ನ ಬಾಯಿ ನೋಡ್ಕೋತ ನಿಂತಿ. ಹೆಂಗ ಏರಸಲಿ? ಮೂರಾತು, ನಾಕಾತು, ಆಮ್ಯಾಲ ಐದಾತು. ಡಾಕ್ಟರಿಗೆ ಮಾತ್ರ ಖರೇ ಅಂಕಿನ ಹೋಗತಾವ. ಗುರುವಾರ ಬಳ್ಳಾರಿಗೆ ಹೋದಾಗ ಆ ಬುಕ್ಕ ತೋರಸ್ತಿದ್ದೆ. ಅವರು ಔಷಧಿ ಬದಲಿ ಮಾಡ್ತಾರ, ಅಂಕಿ ಇಳೀತೈತಿ, ಆವಾಗ ನನ್ನ ಕೂಗು ಖರೇ ಆಗ್ತೈತಿ ಅಂದ್ಕೊಂಡಿದ್ದೆ.”

“ಅದೂ ತಿಳಿತ್ರಿ.”

“ಕೂಗೋದು ಕೂತವರ ಸಲುವಾಗಿ. ಕಟಿಂಗ್ ಟೇಬಲ್ಲಿಗೆ ಹೋಗೋ ಅಳತಿ ಬ್ಯಾರೆ. ನಲವತ್ತು ವರ್ಷದಾಗ ಒಬ್ಬಾಕಿ ರವಿಕಿ ಬಿಗಿ ಆಗೈತೇನು, ನೀನ ಹೇಳು.”

“ಇಲ್ಲ. ಒಂದೂ ಆಗಿಲ್ಲ. ನಿಮ್ಮಂಗ ಅಳತಿ ತಗೊಳ್ಳೋರು ಈ ಊರಾಗ ಇನ್ನೊಬ್ಬರಿಲ್ಲ.” ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮಾತು, ಜಗಳದ ನಡುವೆ ಹೊರಬಿತ್ತು. ನರಸಪ್ಪ ತಲೆಯೆತ್ತಿ ನೋಡಿದ. ಅವಳು ಗುಂಡಿಗಳ ಡಬ್ಬಿಯಿಂದ ಕಾಗದ ತೆಗೆದು ಅವನ ಕೈಗಿಟ್ಟಳು. “ಇದನ್ನ ಓದ್ರಿ.”

ಓದುತ್ತಾ ಓದುತ್ತಾ ಖಾಲಿ ಜಾಗದ ಹತ್ತಿರ ಬಂದು ನಿಂತ. “ಇಲ್ಲಿ ಏನೂ ಬರದಿಲ್ಲ?”

“ನಿಮ್ಮ ಕೂಗಿಗೆ ಇಟ್ಟ ಜಾಗ. ಇವತ್ತು ಹದಿನಾರು ಅಂದಿದ್ರ ಬರದು ಕಳಸ್ತಿದ್ದೆ. ನಮ್ಮಕ್ಕ ಓದಿ, ‘ಬಾಲಮ್ಮಗ ಹನಿ ಹಾಕಿದ್ದಕ್ಕ ಇಳೀತು, ಇದೇನು ದೊಡ್ಡ ರೋಗ’ ಅಂತ ಮಡಚಿ ಸೂರಿಗೆ ಸಿಗಿಸ್ತಿದ್ಲು. ನಿನ್ನಿ ಸುಶ್ಮಿತಾ ಫೋನು ಮಾಡಿದ್ಲು. ಅಕ್ಕಗ ತಟ್ಟಿ ಎಡಗಡಿ ಅಂಚು ಕಾಣವಲ್ದು.” ಅವಳ ದನಿ ಏರಲಿಲ್ಲ. “ಇಲ್ಲಿ ನೀವು ಕಮ್ಮಿ ಕೂಗಿದ್ರ ಹನುಮಂತು ಕೂಡಿಸಿಕೋತಾನ. ಮಡಕಶಿರದಾಗ ಯಾರು ಕೂಡಸ್ತಾರ?”

ನರಸಪ್ಪ ಕಾಗದದ ಖಾಲಿ ಜಾಗದ ಮೇಲೆ ಬೆರಳಾಡಿಸಿದ. ಹೊರಗೆ ಯಾರೋ “ಮಾಸ್ಟ್ರ, ಫಾಲ್ ಆಗೈತೇನ್ರಿ?” ಅಂದರು. ಹನುಮಂತರಾಯ ಟೇಬಲ್ಲಿನ ಕೆಳಗಿನಿಂದಲೇ “ನಾಳೆ ಬರ್ರಿ” ಅಂದ.

“ನಂದೂ ತಪ್ಪು ಐತಿ,” ಅಂದಳು ಬಾಲಮ್ಮ. “ನೀವು ಬಾಯಾಗ ಕಮ್ಮಿ ಮಾಡಿದ್ರಿ, ನಾ ಕಾಗದದಾಗ ಕಮ್ಮಿ ಮಾಡಾಕ ನಾಕು ತಿಂಗಳು ಕುಂತೆ. ಹೋದ ನೋಟ ಬರಂಗಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದು ನನ್ನ ಕಿವಿಗೇ.”

ನರಸಪ್ಪ ಎದ್ದ. ಬುಕ್ಕಿನ ಕೊನೆಯ ಹಾಳೆ ತೆರೆದು, ಕನ್ನಡಕ ಏರಿಸಿ, ಬೆಳಕಿಗೆ ತಿರುಗಿ ನಿಂತ. “ತಗೋ ಪೆನ್ನು. ಕೂಗ್ತೀನಿ, ಬರಕೋ. ಹೋದ ಏಳು ದಿನದ್ದು.”

ಕೂಗಿದ. ಗಿರಾಕಿಯ ಅಳತೆ ಕೂಗುವ ಅದೇ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ. “ಇಪ್ಪತ್ತೊಂದು. ಇಪ್ಪತ್ತಮೂರು. ಇಪ್ಪತ್ತೆರಡು.” ಕಮ್ಮಿ ಮಾಡದೆ ಕೂಗಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಕೊನೆಯ “ಇಪ್ಪತ್ತೆರಡು” ಮುಗಿದಾಗ ಹನುಮಂತರಾಯ ಮೇಲೆದ್ದು ನಿಂತಿದ್ದ. “ಮಾಸ್ಟ್ರ, ಇವಕ್ಕ ಎರಡು ಕೂಡಸಬೇಕೇನು?” ಅಂತ ಕೇಳಿದ.

“ಬ್ಯಾಡಲೇ. ಇದ್ದಂಗ ಬರಕೋ.”

ಬಾಲಮ್ಮನಿಗೆ ನಗು ಬಂತು. ಈ ಸಲ ಪೂರ್ತಿ ಬಂತು.

ಅವಳು ಹಳೆಯ ಸಾಲುಗಳ ಮೇಲೆ ಗೆರೆ ಎಳೆದು ಕೆಳಗೆ ಬರೆದಳು. ನಿಧಾನವಾಗಿ, ಪ್ರತಿ ಅಕ್ಷರಕ್ಕೂ ತುಟಿ ಅಲುಗಿಸುತ್ತಾ, ಅಕ್ಕನೊಂದಿಗೆ ಚಿಕ್ಕಂದಿನಲ್ಲಿ ಆಡಿದ ಮಡಕಶಿರದ ಮಾತಿನಲ್ಲಿ:

“ಅಕ್ಕಾ, ಹನಿ ಹಾಕ್ತಿದ್ರೂ ನನ್ನ ಕಣ್ಣಿನ ಒತ್ತಡ ಇವತ್ತು ಬೆಳಗ್ಗೆ 22 ಐತೆ. ಏಳು ದಿನದ್ದು ಕೆಳಗೆ ಬರ್ದಿದೀನಿ, ನಮ್ಮನೆಯೋರು ಒಂದು ದಿನಾನೂ ತಪ್ಪಿಸದೆ ನೋಡವ್ರೆ. ನೋವಿಲ್ಲ, ಉರಿಯಿಲ್ಲ, ಅದಕ್ಕೇ ಮೋಸ. ಬಲಗಣ್ಣಲ್ಲಿ ಒಂದು ಅಂಚು ಹೋಗೈತೆ, ಅದು ಮತ್ತೆ ಬರಲ್ವಂತೆ. ಒಡಹುಟ್ಟಿದೋರಿಗೂ ಬತ್ತದೆ ಅಂತ ಡಾಕ್ಟರು ನಾಕು ತಿಂಗಳ ಹಿಂದೇನೇ ಹೇಳಿದ್ರು. ಹೇಳದೆ ಕೂತಿದ್ದು ನನ್ನ ತಪ್ಪು. ತಟ್ಟೆ ಅಂಚಲ್ಲಿ ಹುಳ ಉಳಿದ್ರೆ ನಿನ್ನ ಕೈ ತಪ್ಪಲ್ಲ ಅಕ್ಕಾ. ಬೆಳೆ ಮುಗೀಲಿ ಅಂತ ಕಾಯ್ಬೇಡ. ಕಾಗದ ಓದಿದ್ ದಿನಾನೇ ಸುಶ್ಮಿತಾನ ಕರ್ಕೊಂಡು ಹಿಂದೂಪುರದ ಬಸ್ಸು ಹತ್ತು. ಕಣ್ಣಿನ ಡಾಕ್ಟರಿಗೆ ತೋರ್ಸು. ಬೈಯೋದಿದ್ರೆ ಆಮೇಲೆ ಬೈ.”

ಮಡಚಿ ಕವರಿಗೆ ಹಾಕಿ, ಅಂಟು ಬಳಿದು, ವಿಳಾಸ ಬರೆದಳು. ನರಸಪ್ಪ ಕೈ ಚಾಚಿದ. “ಕೊಡು, ಮೂರು ಗಂಟೆ ಟಪಾಲು ತಗೊಳ್ಳೋದ್ರೊಳಗ ಹಾಕಿ ಬರ್ತೀನಿ.”

“ಬ್ಯಾಡ್ರಿ. ನಿಮ್ಮ ಕೈಯಾಗ ಕೊಟ್ರ ದಾರಿಯಾಗ ಎರಡು ಕಮ್ಮಿ ಆಗ್ತಾವ.”

ಅವನು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟ, ಅವಳ ಬಲಗಡೆಗೆ, ಅವಳಿಗೆ ಕಾಣದ ಬದಿಗೆ. ಯಾವಾಗಿನಿಂದ ಆ ಬದಿಗೇ ನಡೆಯುತ್ತಿದ್ದಾನೋ ಅನ್ನುವುದು ಬಾಲಮ್ಮನಿಗೆ ಆಗಲೇ ಹೊಳೆದದ್ದು. ಬಿಸಿಲಲ್ಲಿ ಬೀದಿಯುದ್ದಕ್ಕೂ ಜೀನ್ಸ್ ಬಟ್ಟೆಯ ಮೂಟೆಗಳು ಇಳಿಯುತ್ತಿದ್ದವು. ಅಂಚೆ ಕಚೇರಿಯ ಮುಂದೆ ಕೆಂಪು ಡಬ್ಬಿಯ ಬಾಯಿ ಅವಳಿಗೆ ಒಂದೇ ಸಲಕ್ಕೆ ಕಾಣಲಿಲ್ಲ. ಎಡಗೈ ಬೆರಳಿನಿಂದ ಅದರ ತುಟಿಯನ್ನು ತಡವಿ ಹುಡುಕಿದಳು. ಕಾಜಕ್ಕೆ ಗುಂಡಿ ತೂರಿಸುವ ಹಾಗೆ ಕವರಿನ ಮೂಲೆಯನ್ನು ಮೊದಲು ತೂರಿಸಿ, ಪೂರ್ತಿ ಒಳಗೆ ಹೋಯಿತೆಂದು ಗೊತ್ತಾಗುವವರೆಗೆ ತಳ್ಳಿ, ಕೈ ಬಿಟ್ಟಳು.